ಹೊಗೆಯ ಹಿಂದಿನ ದ್ರಾಕ್ಷಿ: ಪೀಟ್ ಹೊಗೆಯುಂಡು ವೈನ್ ಪೀಪಾಯಿಯಲ್ಲಿ ಮಾಗಿದ ಸಿಂಗಲ್ ಮಾಲ್ಟನ್ನು ಸವಿಯುವ ಕ್ರಮ

ಆಲೆಮನೆಯ ಬಾಗಿಲಲ್ಲಿ ನಿಂತವರಿಗೆ ಮೊದಲು ತಾಗುವುದು ಒಲೆಯ ಹೊಗೆ. ಕಬ್ಬಿನ ಸಿಪ್ಪೆ ಉರಿಯುವ ಆ ಹೊಗೆಗೆ ಕಣ್ಣು, ಮೂಗು ಹೊಂದಿಕೊಳ್ಳುವವರೆಗೆ ಕೊಪ್ಪರಿಗೆಯಲ್ಲಿ ಏನು ಕುದಿಯುತ್ತಿದೆ ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಐದು ನಿಮಿಷ ಒಳಗೆ ನಿಂತ ಮೇಲೆ ಹೊಗೆ ಹಿಂದಕ್ಕೆ ಸರಿದಂತಾಗಿ, ಪಾಕದ ಸಿಹಿ, ಹಸಿ ಕಬ್ಬಿನ ವಾಸನೆ, ತಳ ಹಿಡಿದ ಬೆಲ್ಲದ ಸಣ್ಣ ಕಹಿ ಒಂದೊಂದಾಗಿ ಮೂಗಿಗೆ ಬರತೊಡಗುತ್ತವೆ. ಮೊಳಕೆ ಬರಿಸಿ ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯಿಂದ, ಅಂದರೆ ಮಾಲ್ಟಿನಿಂದ, ಒಂದೇ ಡಿಸ್ಟಿಲರಿಯಲ್ಲಿ ತಯಾರಾಗಿ, ಮೊದಲು ವೈನ್ ತುಂಬಿದ್ದ ಪೀಪಾಯಿಯಲ್ಲಿ ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸವಿಯುವಾಗಲೂ ಇದೇ ಆಗುತ್ತದೆ. ಹೊಗೆ ಮೊದಲು ಬರುತ್ತದೆ, ಜೋರಾಗಿ ಬರುತ್ತದೆ. ವೈನ್ ಬಿಟ್ಟುಹೋದ ಹಣ್ಣು, ಹುಳಿ, ಒಗರು ಅದರ ಹಿಂದೆ ಕಾದಿರುತ್ತವೆ. ಅವು ಮುಂದಕ್ಕೆ ಬರುವಷ್ಟು ಸಮಯವನ್ನು ಗ್ಲಾಸಿಗೂ ನಮ್ಮ ಮೂಗಿಗೂ ಕೊಡುವುದೇ ಈ ಕ್ರಮದ ಮುಖ್ಯ ಕೆಲಸ.

ಇಂಥ ವಿಸ್ಕಿಯನ್ನು ಮೊದಲ ಸಲ ಎದುರಿಗಿಟ್ಟುಕೊಂಡ ಸಂಜೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದದ್ದು ‘ಹೊಗೆ’ ಎಂಬ ಒಂದೇ ಪದ. ಐದು ನಿಮಿಷದಲ್ಲಿ ಗ್ಲಾಸು ಖಾಲಿಯಾಗಿತ್ತು. ಅದೇ ಬಾಟಲಿಯಿಂದ ಅಷ್ಟೇ ಪ್ರಮಾಣವನ್ನು ಬೇರೊಂದು ದಿನ ಮುಕ್ಕಾಲು ಗಂಟೆ ಇಟ್ಟುಕೊಂಡು ಕುಡಿದಾಗ ಒಂದು ಪುಟ ಸಾಲದಾಯಿತು. ಬಾಟಲಿ ಅದೇ, ಗ್ಲಾಸು ಅದೇ. ಬದಲಾದದ್ದು ನಾನು ಕೊಟ್ಟ ಸಮಯ ಮಾತ್ರ.

ಗ್ಲಾಸಿಗೆ ಬರುವ ಮುನ್ನ

ಏನನ್ನು ಹುಡುಕಬೇಕು ಎಂಬುದು ಗೊತ್ತಿದ್ದರೆ ಹುಡುಕಾಟ ಸುಲಭ. ಆದ್ದರಿಂದ ಹೊಗೆ ಎಲ್ಲಿಂದ ಬಂತು, ಹಣ್ಣು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ.

ಪೀಟ್ ಎಂದರೆ ಜೌಗು ನೆಲದಲ್ಲಿ ಪಾಚಿ, ಹುಲ್ಲು, ಹೆದರ್ ಗಿಡಗಳು ಅರ್ಧಂಬರ್ಧ ಕೊಳೆತು, ಸಾವಿರಾರು ವರ್ಷಗಳಲ್ಲಿ ಪದರ ಪದರವಾಗಿ ಕೂತ ಕಪ್ಪು ಮಣ್ಣು. ಮರಗಳು ವಿರಳವಾದ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಉರುವಲಾಗಿ ಬಳಸುತ್ತಿದ್ದರು. ಮೊಳಕೆ ಬರಿಸಿದ ಒದ್ದೆ ಬಾರ್ಲಿಯನ್ನು ಈ ಬೆಂಕಿಯ ಮೇಲೆ ಒಣಗಿಸುವಾಗ ಹೊಗೆಯಲ್ಲಿರುವ ಫೀನಾಲ್ ಗುಂಪಿನ ವಸ್ತುಗಳು ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತವೆ. ಕಾಳು ಒದ್ದೆಯಿರುವಾಗ ಚೆನ್ನಾಗಿ ಅಂಟುವ ಇವು, ಅದು ಒಣಗಿದ ಮೇಲೆ ಅಷ್ಟಾಗಿ ಅಂಟುವುದಿಲ್ಲ. ಈ ಗುಂಪಿನಲ್ಲಿ ಗ್ವಾಯಕಾಲ್ ಸೌದೆ ಹೊಗೆಯ ವಾಸನೆಯನ್ನೂ, ಕ್ರೆಸಾಲ್‌ಗಳು ಡಾಂಬರು ಮತ್ತು ಆಸ್ಪತ್ರೆಯ ವಾಸನೆಯನ್ನೂ ಕೊಡುತ್ತವೆ. ಹೊಗೆಯ ಪ್ರಮಾಣವನ್ನು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಫೀನಾಲ್‌ಗಳು ಎಷ್ಟು ಭಾಗ, ಎಂದು ಹೇಳುವುದು ವಾಡಿಕೆ. ಆದರೆ ಆ ಸಂಖ್ಯೆ ಮಾಲ್ಟಿನದು, ಬಾಟಲಿಯೊಳಗಿನ ವಿಸ್ಕಿಯದಲ್ಲ. ಬೇಯಿಸುವಾಗ, ಬಟ್ಟಿ ಇಳಿಸುವಾಗ ಅದರಲ್ಲಿ ದೊಡ್ಡ ಪಾಲು ಹಿಂದೆ ಉಳಿಯುತ್ತದೆ, ಪೀಪಾಯಿಯಲ್ಲಿ ವರ್ಷಗಳು ಕಳೆದಂತೆ ಇನ್ನಷ್ಟು ತಗ್ಗುತ್ತದೆ. ಹಾಗಾಗಿ ಸ್ಕಾಟ್ಲೆಂಡಿನ ಐಲಾ ದ್ವೀಪದ ಬ್ರುಕ್‌ಲಾಡಿ ಡಿಸ್ಟಿಲರಿಯ ಪೋರ್ಟ್ ಷಾರ್ಲಟ್ ವಿಸ್ಕಿಯ ಮಾಲ್ಟು 40 ಪಿಪಿಎಂ, ಅದೇ ಡಿಸ್ಟಿಲರಿಯ ಆಕ್ಟೊಮೋರ್‌ನ ಮಾಲ್ಟು 80ಕ್ಕೂ ಮೇಲೆ ಎಂದು ಓದಿದಾಗ, ಎರಡನೆಯದು ಬಾಯಲ್ಲಿಯೂ ಸರಿಯಾಗಿ ಎರಡು ಪಟ್ಟು ಹೊಗೆಯಾಡುತ್ತದೆ ಎಂದು ಎಣಿಸಬೇಕಾಗಿಲ್ಲ.

ಇನ್ನು ಪೀಪಾಯಿ. ಸ್ಕಾಟ್ಲೆಂಡಿನ ವಿಸ್ಕಿ ಸ್ಕಾಚ್ ಎನಿಸಿಕೊಳ್ಳಬೇಕಾದರೆ 700 ಲೀಟರು ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು. ಬಹುಪಾಲು ವಿಸ್ಕಿ ಮಾಗುವುದು ಅಮೆರಿಕದ ಬರ್ಬನ್ ತುಂಬಿದ್ದ ಸುಮಾರು 200 ಲೀಟರಿನ ಪೀಪಾಯಿಗಳಲ್ಲಿ. ಬರ್ಬನ್ನನ್ನು ಒಳಭಾಗ ಸುಟ್ಟ ಹೊಸ ಓಕ್‌ನಲ್ಲಿಯೇ ತುಂಬಬೇಕೆಂಬ ಕಾನೂನು ಅಲ್ಲಿರುವುದರಿಂದ ಒಮ್ಮೆ ಬಳಸಿದ ಪೀಪಾಯಿಗಳು ಧಾರಾಳವಾಗಿ ಹೊರಬರುತ್ತವೆ. ಅವು ಕೊಡುವುದು ವೆನಿಲ್ಲಾ, ತೆಂಗಿನಕಾಯಿಯ ಸಿಹಿ. ವೈನಿನ ಪೀಪಾಯಿಯ ಸ್ವಭಾವ ಬೇರೆ. ಬೋರ್ಡೊ ಕಡೆಯ ಬರೀಕ್ 225 ಲೀಟರು ಹಿಡಿಯುತ್ತದೆ. ಸಾಮಾನ್ಯವಾಗಿ ಅದರ ಒಳಭಾಗವನ್ನು ಇದ್ದಿಲಾಗುವಂತೆ ಸುಡದೆ ಹದವಾಗಿ ಕಾಯಿಸಿರುತ್ತಾರೆ, ಮತ್ತು ಯುರೋಪಿನ ಓಕ್ ಅಮೆರಿಕದ ಓಕ್‌ಗಿಂತ ಹೆಚ್ಚು ಒಗರು ಬಿಡುತ್ತದೆ. ವರ್ಷಗಟ್ಟಲೆ ವೈನ್ ಕುಡಿದ ಹಲಗೆಯೊಳಗೆ ಕೆಲವು ಲೀಟರುಗಳಷ್ಟು ವೈನ್ ಇಂಗಿರುತ್ತದೆ. ಅಲ್ಲಿಗೆ ಹೋದ ವಿಸ್ಕಿ ಬಣ್ಣ, ಹಣ್ಣು, ಹುಳಿ, ಒಗರು ಕೊಡುವ ಟ್ಯಾನಿನ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಕೆಲವು ವಿಸ್ಕಿಗಳು ಮೊದಲಿನಿಂದ ಕೊನೆಯವರೆಗೆ ವೈನ್ ಪೀಪಾಯಿಯಲ್ಲೇ ಮಾಗುತ್ತವೆ. ಹೆಚ್ಚಿನವು ಬರ್ಬನ್ ಪೀಪಾಯಿಯಲ್ಲಿ ವರ್ಷಗಳನ್ನು ಕಳೆದು ಕಡೆಯ ಕೆಲವು ತಿಂಗಳುಗಳಿಗೋ ಒಂದೆರಡು ವರ್ಷಗಳಿಗೋ ವೈನ್ ಪೀಪಾಯಿಗೆ ಬರುತ್ತವೆ. ಇದನ್ನೇ ಫಿನಿಷ್ ಎನ್ನುವುದು. ಲೇಬಲ್ಲಿನಲ್ಲಿ ಈ ಎರಡರಲ್ಲಿ ಯಾವುದು ಎಂದು ನೋಡಿಕೊಂಡು ಕೂರುವುದು ಒಳ್ಳೆಯದು.

ನಮ್ಮ ‘ಪೀಪಾಯಿ’ ಎಂಬ ಮಾತೇ ಪೋರ್ಚುಗೀಸರ ‘ಪೀಪಾ’ದಿಂದ ಬಂದದ್ದು. ಪೋರ್ಚುಗಲ್ಲಿನ ಡೋರು ಕಣಿವೆಯ ದ್ರಾಕ್ಷಿಯಿಂದ ಮಾಡಿ, ಬ್ರಾಂದಿ ಸೇರಿಸಿ ಬಲಪಡಿಸಿದ ಸಿಹಿ ವೈನಾದ ಪೋರ್ಟನ್ನು ತುಂಬುವ ಉದ್ದನೆಯ ಪೀಪಾಯಿಗೂ ಅದೇ ಹೆಸರು. ವಿಸ್ಕಿ ಲೇಬಲ್ಲುಗಳ ಮೇಲೆ ಅದು ‘ಪೋರ್ಟ್ ಪೈಪ್’ ಆಗಿ ಕಾಣಿಸುತ್ತದೆ. ಕನ್ನಡದಲ್ಲಿ ಅದನ್ನು ಪೀಪಾಯಿ ಎನ್ನುವಾಗ ನಾವು ಆಡುತ್ತಿರುವುದು ಅದೇ ಮಾತನ್ನು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಒಂದಲ್ಲ, ಎರಡು ಗ್ಲಾಸು

ಕಲಿಯುವವರು ವೈನ್ ಪೀಪಾಯಿಯ ವಿಸ್ಕಿಯನ್ನು ಒಂಟಿಯಾಗಿ ಕುಡಿಯಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪಕ್ಕದಲ್ಲಿ ಅದೇ ಡಿಸ್ಟಿಲರಿಯ, ವೈನ್ ಸೋಂಕದ ವಿಸ್ಕಿಯೊಂದು ಇರಬೇಕು. ಆಗ ಎರಡರ ನಡುವಿನ ವ್ಯತ್ಯಾಸವೇ ವೈನ್ ಮಾಡಿದ ಕೆಲಸವನ್ನು ತೋರಿಸುತ್ತದೆ. ಪುಸ್ತಕ ಓದಿ ಊಹಿಸಬೇಕಾಗಿಲ್ಲ.

ಇದಕ್ಕೆ ನಾನು ಕಂಡ ಅತ್ಯುತ್ತಮ ಜೋಡಿ ಟ್ಯಾಲಿಸ್ಕರ್ 10 ವರ್ಷ ಮತ್ತು ಟ್ಯಾಲಿಸ್ಕರ್ ಪೋರ್ಟ್ ರೀ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸ್ಕೈ ದ್ವೀಪದಲ್ಲಿ, ಕಾರ್ಬೊಸ್ಟ್ ಎಂಬ ಹಳ್ಳಿಯಲ್ಲಿ, ಲಾಕ್ ಹಾರ್ಪೋರ್ಟ್ ಎಂಬ ಕಡಲ ಕೊಲ್ಲಿಯ ದಡದಲ್ಲಿರುವ ಈ ಡಿಸ್ಟಿಲರಿ 1830ರಲ್ಲಿ ಶುರುವಾಯಿತು. ಅದರ ಹೊಗೆ ಮಧ್ಯಮ ಮಟ್ಟದ್ದು. ಐಲಾದ ಲಫ್ರೋಯ್ಗ್, ಆರ್ಡ್‌ಬೆಗ್‌ಗಳಷ್ಟು ಗಾಢವಲ್ಲ, ಆದರೆ ತಪ್ಪಿಸಿಕೊಳ್ಳುವಂಥದ್ದೂ ಅಲ್ಲ. 2013ರಲ್ಲಿ ಬಂದ ಪೋರ್ಟ್ ರೀ ಎಂಬುದು ಅದೇ ಮಾಲ್ಟನ್ನು ಕೊನೆಯ ಹಂತದಲ್ಲಿ ಪೋರ್ಟ್ ತುಂಬಿದ್ದ ಪೀಪಾಯಿಗಳಲ್ಲಿ ಇರಿಸಿದ್ದು. ಈ ಜೋಡಿಯ ದೊಡ್ಡ ಅನುಕೂಲವೆಂದರೆ ಎರಡರ ಮದ್ಯಸಾರವೂ ಶೇ. 45.8. ಹೀಗಾಗಿ ಒಂದು ಹೆಚ್ಚು ಉರಿಯಿತು, ಇನ್ನೊಂದು ಮೆತ್ತಗಿತ್ತು ಎಂದು ಅನಿಸಿದರೆ ಅದಕ್ಕೆ ಮದ್ಯಸಾರದ ಪ್ರಮಾಣ ಕಾರಣವಲ್ಲ. ಪೀಪಾಯಿಯೇ ಕಾರಣ ಎಂದು ಬಹುಮಟ್ಟಿಗೆ ನಂಬಬಹುದು. ಈ ಜೋಡಿ ಸಿಗದಿದ್ದರೆ ಲಗವೂಲಿನ್ 16 ವರ್ಷ ಮತ್ತು ಅದರ ಡಿಸ್ಟಿಲರ್ಸ್ ಎಡಿಷನ್ ಆಗಬಹುದು. ಎರಡೂ ಶೇ. 43. ಎರಡನೆಯದು ಪೆಡ್ರೋ ಹಿಮೆನೆಜ್ ಎಂಬ ಕಡು ಸಿಹಿ ಶೆರಿಯ ಪೀಪಾಯಿಯಲ್ಲಿ ಇದ್ದುಬಂದದ್ದು. ಶೆರಿಯೂ ಸ್ಪೇನಿನ ವೈನೇ.

ತಲಾ 15 ಎಂ.ಎಲ್. ಸಾಕು. ಎರಡೂ ಸೇರಿ ಒಂದು ಸಣ್ಣ ಪೆಗ್ಗಿನಷ್ಟಾಗುತ್ತದೆ. ಇದು ಗಮನವಿಟ್ಟು ನೋಡುವ ಕೆಲಸವಾದ್ದರಿಂದ ಅದಕ್ಕಿಂತ ಹೆಚ್ಚು ಬೇಡ, ಮತ್ತು ಆಮೇಲೆ ವಾಹನದ ಕೀಲಿಯನ್ನು ಮುಟ್ಟುವ ಮಾತೇ ಬೇಡ. ಗ್ಲಾಸು ಕೆಳಗೆ ಅಗಲವಾಗಿ ಬಾಯಿ ಕಿರಿದಾಗಿರಬೇಕು. 2001ರಿಂದ ಮಾರುಕಟ್ಟೆಯಲ್ಲಿರುವ ಗ್ಲೆನ್‌ಕೇರ್ನ್ ಗ್ಲಾಸು ಇದಕ್ಕೆಂದೇ ಆದದ್ದು. ಅದಿಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಆಗುತ್ತದೆ. ನೇರ ಗೋಡೆಯ ಅಗಲ ಬಾಯಿಯ ಲೋಟದಲ್ಲಿ ವೈನಿನ ಮೆಲು ವಾಸನೆಗಳು ಕೋಣೆಗೆ ಹಾರಿಹೋಗುತ್ತವೆ. ಸುರಿದ ಕೂಡಲೇ ಎರಡರ ಮೇಲೂ ಪುಟ್ಟ ತಟ್ಟೆ ಮುಚ್ಚಿ.

ಕೋಣೆಯ ವಿಷಯದಲ್ಲಿ ನಮ್ಮ ಮನೆಗಳಿಗೆ ವಿಶೇಷ ಎಚ್ಚರ ಬೇಕು. ಸಂಜೆ ಹಚ್ಚಿದ ಊದುಬತ್ತಿ, ಸಾಂಬ್ರಾಣಿ, ಅಡುಗೆಮನೆಯ ಇಂಗಿನ ಒಗ್ಗರಣೆ, ಮುಡಿದ ಮಲ್ಲಿಗೆ, ಇವುಗಳಲ್ಲಿ ಯಾವುದಿದ್ದರೂ ವೈನಿನ ಸುಳಿವು ಸಿಗುವುದು ಕಷ್ಟ. ಖಾರದ ಊಟ, ಕಾಫಿ, ಎಲೆಅಡಿಕೆ ಆಗಿದ್ದರೆ ಒಂದು ಗಂಟೆಯಾದರೂ ಬಿಡಬೇಕು. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಮದ್ಯಸಾರ ಬೇಗ ಮೇಲೆದ್ದು ಮೂಗು ಚುಚ್ಚುತ್ತದೆ, ಆಗ ಫ್ಯಾನಿನ ಕೆಳಗೆ ಕೂರುವುದಕ್ಕಿಂತ ತಣ್ಣಗಿನ ಕೋಣೆಯಲ್ಲಿ ಕೂರುವುದು ವಾಸಿ, ಏಕೆಂದರೆ ಫ್ಯಾನಿನ ಗಾಳಿ ಗ್ಲಾಸಿನ ಮೇಲಿನ ಆವಿಯನ್ನೇ ಹೊತ್ತೊಯ್ಯುತ್ತದೆ. ಐಸು ಖಂಡಿತ ಬೇಡ. ತಂಪು ಪರಿಮಳವನ್ನು ಕಟ್ಟಿಹಾಕುತ್ತದೆ, ಒಗರನ್ನು ಮಾತ್ರ ಎತ್ತಿ ತೋರಿಸುತ್ತದೆ.

ಬಣ್ಣವನ್ನು ಒಮ್ಮೆ ನೋಡಿ ಮುಂದೆ ಹೋಗಿ. ಪೋರ್ಟ್ ಪೀಪಾಯಿಯಿಂದ ಬಂದದ್ದರಲ್ಲಿ ತಾಮ್ರದೊಳಗೆ ಸಣ್ಣ ಗುಲಾಬಿ ಛಾಯೆ ಕಾಣುವುದುಂಟು. ಆದರೆ ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶವಿರುವುದರಿಂದ ಬಣ್ಣವನ್ನು ಸಾಕ್ಷಿಯಾಗಿ ಹಿಡಿಯಲಾಗದು.

ಮೂಗಿಗೆ ಸಮಯ ಕೊಡುವುದು

ಹತ್ತು ನಿಮಿಷದ ನಂತರ ಮುಚ್ಚಳ ತೆಗೆದು ಮೊದಲು ಟ್ಯಾಲಿಸ್ಕರ್ 10ನ್ನು ಎತ್ತಿಕೊಳ್ಳಿ. ಗ್ಲಾಸನ್ನು ವೈನಿನಂತೆ ಗಿರಗಿರನೆ ತಿರುಗಿಸಬಾರದು. ಹಾಗೆ ಮಾಡಿದರೆ ಮದ್ಯಸಾರವೇ ಮುಂದೆ ನುಗ್ಗುತ್ತದೆ. ಒಮ್ಮೆ ನಿಧಾನವಾಗಿ ವಾಲಿಸಿದರೆ ಸಾಕು. ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿಯನ್ನು ಸ್ವಲ್ಪ ತೆರೆದಿಟ್ಟು, ಸಹಜವಾಗಿ ಉಸಿರಾಡಿ. ಬಾಯಿ ತೆರೆದಿದ್ದರೆ ಮೂಗಿನ ಮೇಲೆ ಬೀಳುವ ಮದ್ಯಸಾರದ ಹೊಡೆತ ಕಡಿಮೆಯಾಗುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತನ್ನಿ. ಒಂದು ಹೊಳ್ಳೆಯಲ್ಲಿ, ನಂತರ ಇನ್ನೊಂದರಲ್ಲಿ ಪ್ರಯತ್ನಿಸಿ. ಎರಡೂ ಒಂದೇ ಹೇಳುವುದಿಲ್ಲ.

ಇಲ್ಲಿ ಸಿಗುವ ಹೊಗೆಗೆ ಹೆಸರು ಕೊಡಲು ಪ್ರಯತ್ನಿಸಬೇಕು, ಏಕೆಂದರೆ ‘ಹೊಗೆ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಮುಂದಿನ ಹೋಲಿಕೆಗೆ ಹಿಡಿಕೆ ಇರುವುದಿಲ್ಲ. ಮಲೆನಾಡಿನ ಬಚ್ಚಲ ಒಲೆಯ ಹೊಗೆ ಬೇರೆ, ಆರಿದ ಒಲೆಯ ಬೂದಿಯ ವಾಸನೆ ಬೇರೆ, ಹೊಸದಾಗಿ ಹಾಕಿದ ಡಾಂಬರು ಬೇರೆ, ಟಿಂಚರ್ ಅಯೋಡಿನ್ ಹಚ್ಚಿದ ಬ್ಯಾಂಡೇಜು ಬೇರೆ, ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಸಿಪ್ಪೆ ಬೇರೆ. ಸ್ಕಾಟ್ಲೆಂಡಿನವರು ತಮ್ಮ ಕಡಲು, ತಮ್ಮ ಅಡುಗೆಮನೆಯಿಂದ ಪದ ತಂದುಕೊಂಡಿದ್ದಾರೆ. ನಾವು ತಿಂದೇ ಇರದ ಬೆರ್ರಿಗಳ ಹೆಸರನ್ನು ಅವರ ಟಿಪ್ಪಣಿಯಿಂದ ಎತ್ತಿ ಬರೆಯುವುದರಲ್ಲಿ ಅರ್ಥವಿಲ್ಲ. ನಮ್ಮ ಮೂಗಿಗೆ ನೆನಪಿರುವುದನ್ನೇ ಬರೆಯಬೇಕು. ಟ್ಯಾಲಿಸ್ಕರ್ 10ರಲ್ಲಿ ನನಗೆ ಸಿಗುವುದು ಮಳೆ ನಿಂತ ಮೇಲೆ ಹೊತ್ತಿಸಿದ ಒದ್ದೆ ಸೌದೆ, ಕಡಲ ತೀರದ ಒಣ ಬಲೆ, ಸ್ವಲ್ಪ ಸೇಬು, ಮತ್ತು ಕುಟ್ಟಿದ ಕಾಳುಮೆಣಸು.

ಈಗ ಎರಡನೆಯ ಗ್ಲಾಸು. ಮೊದಲ ಉಸಿರಿಗೆ ಇಲ್ಲಿಯೂ ಹೊಗೆಯೇ. ನಿರಾಶರಾಗದೆ ಗ್ಲಾಸನ್ನು ಕೆಳಗಿಟ್ಟು, ನಿಮ್ಮದೇ ಮೊಣಕೈಯ ಒಳಭಾಗವನ್ನೋ ತೊಟ್ಟ ಹತ್ತಿ ಬಟ್ಟೆಯ ತೋಳನ್ನೋ ಮೂಸಿ. ಮೂಗಿಗೆ ತನ್ನ ಮೈಯ ವಾಸನೆ ತಟಸ್ಥ. ಅದು ಒರೆಸುವ ಬಟ್ಟೆಯಂತೆ ಕೆಲಸ ಮಾಡುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಗ್ಲಾಸಿಗೆ ಬನ್ನಿ. ಹೀಗೆ ನಾಲ್ಕೈದು ಸುತ್ತು ಆಗಬೇಕು. ಒಂದೇ ವಾಸನೆಯನ್ನು ಮತ್ತೆ ಮತ್ತೆ ಪಡೆದ ಮೂಗು ಅದನ್ನು ಹಿನ್ನೆಲೆಗೆ ತಳ್ಳುತ್ತದೆ ಎಂಬುದು ಆಲೆಮನೆಯಲ್ಲಿ ನಮಗೆ ಅನುಭವಕ್ಕೆ ಬಂದದ್ದೇ. ಇಲ್ಲಿ ಅದನ್ನು ಬೇಕೆಂದೇ ಬಳಸಿಕೊಳ್ಳುತ್ತಿದ್ದೇವೆ. ಮೂರನೆಯ ಸುತ್ತಿನ ಹೊತ್ತಿಗೆ ಹೊಗೆಯ ಕೆಳಗಿನಿಂದ ಒಣದ್ರಾಕ್ಷಿ, ಜೋನಿಬೆಲ್ಲ, ಕೈಯಲ್ಲಿ ಹಿಸುಕಿದ ನೇರಳೆ ಹಣ್ಣಿನಂಥದ್ದೇನೋ ಏಳತೊಡಗುತ್ತದೆ. ಅದು ಒಮ್ಮೆ ಸಿಕ್ಕಿದ ಮೇಲೆ ಮತ್ತೆ ಹತ್ತು ವರ್ಷದ ಗ್ಲಾಸಿಗೆ ಹೋಗಿ ನೋಡಿ. ಅಲ್ಲಿ ಆ ಕಡುಹಣ್ಣು ಇರುವುದಿಲ್ಲ. ಸೇಬಿನ ತಿಳಿಸಿಹಿ ಮಾತ್ರ ಇರುತ್ತದೆ. ವೈನ್ ಮಾಡಿದ ಕೆಲಸ ಯಾವುದು ಎಂಬುದು ಮೊದಲ ಬಾರಿಗೆ ನಿಮ್ಮ ಕೈಗೆ ಸಿಗುವುದು ಈ ಗಳಿಗೆಯಲ್ಲಿ.

ವೈನ್ ಪೀಪಾಯಿಯ ವಿಸ್ಕಿಗಳಲ್ಲಿ ಒಂದು ದೋಷವನ್ನು ಗುರುತಿಸಲು ಕಲಿತಿರಬೇಕು, ಅದು ಗಂಧಕ. ಖಾಲಿ ಪೀಪಾಯಿಯಲ್ಲಿ ಉಳಿದ ವೈನ್ ಕೆಡದಿರಲೆಂದು, ಬೂಷ್ಟು ಬರದಿರಲೆಂದು ಗಂಧಕದ ಬತ್ತಿ ಉರಿಸುವ ರೂಢಿಯಿದೆ, ಅದರ ಶೇಷ ವಿಸ್ಕಿಗೆ ಇಳಿದರೆ ಗೀರಿದ ಬೆಂಕಿಕಡ್ಡಿ, ದೀಪಾವಳಿಯ ಮರುದಿನದ ಪಟಾಕಿ ಕಾಗದ, ಕಾದ ರಬ್ಬರು, ಬೇಯಿಸಿದ ಮೊಟ್ಟೆಯ ವಾಸನೆ ಬರುತ್ತದೆ. ಹೊಸಬರು ಇದನ್ನು ಪೀಟ್ ಹೊಗೆಯೆಂದೇ ಭಾವಿಸುವುದು ಸಹಜ. ಪೀಟ್ ಹೊಗೆಯಲ್ಲಿ ಮಣ್ಣು, ಸೌದೆ, ಬೂದಿ, ಔಷಧಿಯ ಭಾವವಿದೆ. ಗಂಧಕದಲ್ಲಿ ಮದ್ದಿನಪುಡಿಯ ಚೂಪಿದೆ. ಬೆಂಕಿಕಡ್ಡಿಯ ಎಳೆಯೊಂದು ಸಣ್ಣದಾಗಿದ್ದರೆ ಅದು ಹೊಗೆಗೆ ಮೊನೆ ಕೊಟ್ಟೀತು. ರಬ್ಬರು, ಮೊಟ್ಟೆ ಬಂದರೆ ಮಾತ್ರ ಆ ಪೀಪಾಯಿ ಸರಿಯಿರಲಿಲ್ಲ ಎನ್ನಲು ಹಿಂಜರಿಯಬೇಕಾಗಿಲ್ಲ.

ಬಾಯಲ್ಲಿ ಆರು ರುಚಿ

ಮೊದಲ ಗುಟುಕು ಬಾಯನ್ನು ಒಗ್ಗಿಸಲು ಮಾತ್ರ. ಕೆಲವೇ ಹನಿಯಷ್ಟು ತೆಗೆದುಕೊಂಡು ನಾಲಿಗೆಯ ಮೇಲೆ ಹರಡಿ ನುಂಗಿಬಿಡಿ. ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ, ಏಕೆಂದರೆ ಆಗ ನಾಲಿಗೆಗೆ ತಿಳಿಯುವುದು ಮದ್ಯಸಾರದ ಉರಿ ಮಾತ್ರ. ಒಂದು ನಿಮಿಷ ಬಿಟ್ಟು ತೆಗೆದುಕೊಂಡ ಎರಡನೆಯ ಗುಟುಕೇ ನಿಜವಾದದ್ದು. ಅದನ್ನು ಹತ್ತು ಹದಿನೈದು ಸೆಕೆಂಡು ಬಾಯಲ್ಲಿಟ್ಟುಕೊಂಡು, ನಾಲಿಗೆಯ ಕೆಳಗೂ ದವಡೆಯ ಪಕ್ಕಕ್ಕೂ ಸರಿಸಿ, ಆಮೇಲೆ ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಬೇಕು. ಗಂಟಲ ಹಿಂದಿನಿಂದ ಮೂಗಿಗೆ ಏರುವ ಆ ಉಸಿರಿನಲ್ಲಿ ಹೊಗೆಯೂ ಹಣ್ಣೂ ಒಟ್ಟಿಗೆ ಬರುತ್ತವೆ; ಗ್ಲಾಸನ್ನು ಮೂಸಿದಾಗ ಸಿಗದ ಎಷ್ಟೋ ಸಂಗತಿಗಳು ಇಲ್ಲಿ ಸಿಗುತ್ತವೆ.

ಏನನ್ನು ಗಮನಿಸಬೇಕು ಎಂಬುದಕ್ಕೆ ನಮ್ಮಲ್ಲೇ ಸಿದ್ಧವಾದ ಅಳತೆಗೋಲಿದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ನಾವು ಮಕ್ಕಳಿದ್ದಾಗಲೇ ಕಲಿತಿರುತ್ತೇವೆ. ಈ ಬಗೆಯ ವಿಸ್ಕಿಯಲ್ಲಿ ಆ ಆರೂ ಬರುತ್ತವೆ. ಎಲ್ಲ ವಿಸ್ಕಿಗಳ ಬಗ್ಗೆ ಹೀಗೆ ಹೇಳಲಾಗದು. ಪೋರ್ಟ್ ರೀಯ ಎರಡನೆಯ ಗುಟುಕನ್ನು ಬಾಯಲ್ಲಿಟ್ಟುಕೊಂಡು ಅವು ಯಾವ ಕ್ರಮದಲ್ಲಿ ಬಂದವು ಎಂದು ಎಣಿಸಿ. ನನ್ನ ಬಾಯಲ್ಲಿ ಮೊದಲು ಬರುವುದು ಪೋರ್ಟಿನ ಸಿಹಿ, ಬೆಲ್ಲದ ಪಾಕಕ್ಕೆ ಹಣ್ಣು ಹಾಕಿದಂತೆ. ಅದರ ಬೆನ್ನಿಗೆ ಪುನರ್ಪುಳಿಯ ಶರಬತ್ತಿನಂಥ ತೆಳು ಹುಳಿ. ಮಧ್ಯದಲ್ಲಿ ಉಪ್ಪಿನ ಭಾವ. ಆಮೇಲೆ ಟ್ಯಾಲಿಸ್ಕರ್‌ನ ಗುರುತೇ ಆಗಿರುವ ಕಾಳುಮೆಣಸಿನ ಖಾರ ನಾಲಿಗೆಯ ಹಿಂಬದಿಯಿಂದ ಏಳುತ್ತದೆ; ಈ ಖಾರ ಹತ್ತು ವರ್ಷದ ಗ್ಲಾಸಿನಲ್ಲೂ ಇದೆ, ಆದ್ದರಿಂದ ಅದು ವೈನಿನದಲ್ಲ ಎಂದು ತಿಳಿಯುತ್ತದೆ. ನುಂಗಿದ ಮೇಲೆ ಕೋಕೋ ಪುಡಿಯಂಥ ಸುಟ್ಟ ಕಹಿ. ಕಡೆಯದಾಗಿ, ಬಹಳ ತಡವಾಗಿ, ವಸಡಿನ ಮೇಲೆ ಒಗರು.

ಈ ಒಗರಿನ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುತ್ತೇನೆ. ವೈನ್ ಪೀಪಾಯಿ ವಿಸ್ಕಿಗೆ ಸರಿಹೋಯಿತೋ ಇಲ್ಲವೋ ಎಂಬುದನ್ನು ಹೇಳುವುದು ಸಿಹಿಯಲ್ಲ, ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ ಸ್ವಲ್ಪ ಬಿಗಿಯುತ್ತದೆ, ಆದರೆ ಬಾಯಿ ಇನ್ನೊಂದು ಹಣ್ಣನ್ನು ಕೇಳುತ್ತದೆ. ಅದು ಹದವಾದ ಒಗರು. ಎಳೆಯ ಅಡಿಕೆಯನ್ನು ಕಚ್ಚಿದರೆ ಕೆನ್ನೆಯ ಒಳಗೋಡೆಯೇ ಮುದುರಿಕೊಂಡು ಬೇರೆ ಯಾವ ರುಚಿಯೂ ತಿಳಿಯದಂತಾಗುತ್ತದೆ. ಅದು ಮಿತಿ ಮೀರಿದ್ದು. ಪೀಟ್ ಹೊಗೆಗೆ ತನ್ನದೇ ಆದ ಒಣ ಗುಣವಿದೆ, ಅದರ ಮೇಲೆ ಹೊಸ ಪೀಪಾಯಿಯ ಟ್ಯಾನಿನ್ ಕೂತರೆ ಒಣಗಿಗೆ ಒಣಗು ಸೇರಿ ವಿಸ್ಕಿ ಗಡಸಾಗುತ್ತದೆ. ಆದ್ದರಿಂದಲೇ ಕೆಂಪು ವೈನಿನ ಪೀಪಾಯಿಯಲ್ಲಿ ಎಷ್ಟು ಕಾಲ ಇಡಬೇಕು ಎಂಬ ನಿರ್ಧಾರ ಬಹಳ ಸೂಕ್ಷ್ಮವಾದದ್ದು. ಕೆಲವರು ಪೀಪಾಯಿಯ ಒಳಮೈಯನ್ನು ಕೆರೆದು, ಕಾಯಿಸಿ, ಮತ್ತೆ ಸುಟ್ಟು ಬಳಸುವುದೂ ಇದೇ ಕಾರಣಕ್ಕೆ. ವೈನಿನ ಕಡು ಟ್ಯಾನಿನ್ನೂ ಹುಳಿಯೂ ಆಗ ಬಹಳಷ್ಟು ಹೋಗುತ್ತವೆ, ಹಣ್ಣಿನ ಸಿಹಿ ಉಳಿಯುತ್ತದೆ. ಈ ವಿಧಾನವನ್ನು ಜಗತ್ತಿನ ಹಲವು ಹೊಸ ಡಿಸ್ಟಿಲರಿಗಳಿಗೆ ಕಲಿಸಿಕೊಟ್ಟವರು 2017ರಲ್ಲಿ ತೀರಿಕೊಂಡ ವಿಸ್ಕಿ ಸಲಹೆಗಾರ ಡಾ. ಜಿಮ್ ಸ್ವಾನ್.

ತೀರ್ಪು ಕೊಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಹೊಗೆ ಮತ್ತು ಹಣ್ಣು ಸುಟ್ಟ ಬದನೆಕಾಯಿಯ ಗೊಜ್ಜಿನಲ್ಲಿ ಕೂಡಿಕೊಂಡಂತೆ ಕೂಡಿವೆಯೇ? ಆ ಗೊಜ್ಜಿನಲ್ಲಿ ಹೊಗೆ, ಹುಣಸೆಹುಳಿ, ಬೆಲ್ಲ ಮೂರೂ ಬೇರೆ ಬೇರೆ ಗುರುತು ಸಿಗುತ್ತವೆ, ಆದರೂ ಒಂದನ್ನು ತೆಗೆದರೆ ಗೊಜ್ಜೇ ಇಲ್ಲ. ವೈನ್ ಸಿಹಿ ಸುರಿದು ಹೊಗೆಯನ್ನು ಮುಚ್ಚಿದ್ದರೆ ಅದು ಪೀಪಾಯಿ ಗೆದ್ದ ವಿಸ್ಕಿ. ಇಪ್ಪತ್ತು ನಿಮಿಷ ಕಾದ ಮೇಲೂ ವೈನ್ ಸಿಗದೆ ಹೊಗೆಯೇ ಉಳಿದಿದ್ದರೆ ಆ ಪೀಪಾಯಿ ಕೆಲಸ ಮಾಡಿಲ್ಲ. ಎರಡೂ ಕುಡಿಯಲು ಹಿತವಾಗಿರಬಹುದು, ಆದರೆ ಎರಡೂ ಗುರಿ ಮುಟ್ಟಿದವಲ್ಲ.

ನೀರು ಎಷ್ಟು

ನೀರು ಸೇರಿಸುವುದು ದೌರ್ಬಲ್ಯವೆಂದು ಭಾವಿಸುವವರಿದ್ದಾರೆ. ಹೊಗೆಯ ವಿಸ್ಕಿಯಲ್ಲಿ ಅದು ತಿಳಿವಳಿಕೆಯ ಕೆಲಸ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಗ್ವಾಯಕಾಲ್ ಅಣುವನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ಹಿಂಬಾಲಿಸಿದರು. ಮದ್ಯಸಾರ ಶೇ. 45ರವರೆಗೆ ಇದ್ದಾಗ ಗ್ವಾಯಕಾಲ್ ದ್ರವದ ಮೇಲ್ಮೈಯಲ್ಲಿ, ಗಾಳಿಗೆ ಹತ್ತಿರವಾಗಿ ನಿಲ್ಲುತ್ತದೆ, ಶೇ. 59 ಮೀರಿದಾಗ ಮದ್ಯಸಾರದ ಅಣುಗಳು ಅದನ್ನು ಸುತ್ತುವರಿದು ಒಳಕ್ಕೆ ಎಳೆದುಕೊಳ್ಳುತ್ತವೆ. ಅಂದರೆ ಬಲವಾದ ವಿಸ್ಕಿಗೆ ನೀರು ಬಿದ್ದಾಗ ಹೊಗೆ ಮೇಲೆ ಬರುತ್ತದೆ.

ಶೇ. 45.8ರ ಟ್ಯಾಲಿಸ್ಕರ್ ಆಗಲೇ ಆ ಗಡಿಯ ಬಳಿಯಿರುವುದರಿಂದ ಅದಕ್ಕೆ ಬೇಕಾದದ್ದು ಹನಿಗಳು ಮಾತ್ರ. 15 ಎಂ.ಎಲ್.ಗೆ ಅರ್ಧ ಎಂ.ಎಲ್., ಅಂದರೆ ಡ್ರಾಪರಿನಿಂದ ಹತ್ತು ಹನಿ ಹಾಕಿದರೆ ಅದು ಶೇ. 44ರ ಸುಮಾರಿಗೆ ಬರುತ್ತದೆ. ಒಂದು ಚಹಾ ಚಮಚ, ಅಂದರೆ 5 ಎಂ.ಎಲ್. ಸುರಿದುಬಿಟ್ಟರೆ ಶೇ. 35ಕ್ಕೂ ಕೆಳಗಿಳಿದು ಪೋರ್ಟಿನ ಸಿಹಿ ಕರಗಿ, ಬೂದಿ ಮತ್ತು ಒಗರು ಮಾತ್ರ ಉಳಿಯುತ್ತವೆ. ನಾನು ಒಮ್ಮೆ ಹೀಗೆ ಮಾಡಿ ಒಳ್ಳೆಯ ಗ್ಲಾಸೊಂದನ್ನು ಕಳೆದುಕೊಂಡಿದ್ದೇನೆ. ಹಾಕಿದ ನೀರನ್ನು ತೆಗೆಯುವ ದಾರಿ ಇಲ್ಲ. ಹನಿ ಹಾಕಿ, ಎರಡು ನಿಮಿಷ ಬಿಟ್ಟು, ಮೂಸಿ, ಬೇಕೆನಿಸಿದರೆ ಮತ್ತೆ ಹಾಕಿ.

ನೀರು ಯಾವುದು ಎಂಬುದೂ ಮುಖ್ಯ. ಕ್ಲೋರಿನ್ ವಾಸನೆಯಿರುವ ನಲ್ಲಿ ನೀರು ಇಲ್ಲಿ ಬಹಳ ಕೆಟ್ಟದ್ದು, ಏಕೆಂದರೆ ಕ್ಲೋರಿನ್ ಫೀನಾಲ್‌ಗಳೊಂದಿಗೆ ಸೇರಿ ತೀರಾ ಸಣ್ಣ ಪ್ರಮಾಣದಲ್ಲೂ ಕಟುವಾದ ಔಷಧಿ ವಾಸನೆ ಹುಟ್ಟಿಸಬಲ್ಲದು. ಆ ತಪ್ಪನ್ನು ನೀವು ಪೀಟ್‌ನ ತಲೆಗೆ ಕಟ್ಟುತ್ತೀರಿ. ಲವಣ ಹೆಚ್ಚಿರುವ ಬೋರ್‌ವೆಲ್ ನೀರೂ ಬೇಡ. ಶುದ್ಧೀಕರಿಸಿದ, ಯಾವ ವಾಸನೆಯೂ ಇಲ್ಲದ ನೀರನ್ನು ಕೋಣೆಯ ಉಷ್ಣತೆಯಲ್ಲಿಯೇ ಬಳಸಿ.

ಬೇರೆ ವೈನು, ಬೇರೆ ಹವೆ

ಟ್ಯಾಲಿಸ್ಕರ್ ಜೋಡಿ ಕೈಗೆ ಹತ್ತಿದ ಮೇಲೆ ಸಿಹಿಯಿಲ್ಲದ ಕೆಂಪು ವೈನಿನ ಪೀಪಾಯಿಗಳತ್ತ ಹೋಗಬಹುದು. ಸ್ಕಾಟ್ಲೆಂಡಿನ ಕ್ಯಾಂಬೆಲ್‌ಟೌನ್ ಊರಿನ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿ ತನ್ನ ಗಾಢ ಹೊಗೆಯ ಲಾಂಗ್‌ರೋ ವಿಸ್ಕಿಯನ್ನು ‘ರೆಡ್’ ಎಂಬ ಸರಣಿಯಲ್ಲಿ 2012ರಿಂದ ಬೇರೆ ಬೇರೆ ಕೆಂಪು ವೈನಿನ ಪೀಪಾಯಿಗಳಲ್ಲಿ ಮಾಗಿಸಿ ಹೊರತರುತ್ತಿದೆ. ಅವುಗಳಲ್ಲಿ ಸಿಹಿ ಕಡಿಮೆ, ಒಗರು ಮತ್ತು ಹುಳಿ ಹೆಚ್ಚು. ಹಾಗಾಗಿ ಕಾಯುವ ಸಮಯವೂ ಹೆಚ್ಚು ಬೇಕು. ಐಲಾದಲ್ಲಿ 2005ರಲ್ಲಿ ಹೊಲದ ನಡುವೆ ಶುರುವಾದ ಕಿಲ್‌ಹೋಮನ್, ಫ್ರಾನ್ಸಿನ ಸೊಟೆರ್ನ್ ಎಂಬ ಸಿಹಿ ಬಿಳಿ ವೈನಿನ ಪೀಪಾಯಿಗಳನ್ನೂ ಬಳಸಿದೆ. ಬಿಳಿ ವೈನಿನಲ್ಲಿ ಒಗರು ತೀರಾ ಕಡಿಮೆಯಾದ್ದರಿಂದ ಹೊಗೆಗೆ ಜೇನು, ಜರ್ದಾಳು ಹಣ್ಣು ಮೆತ್ತಿದಂತಾಗುತ್ತದೆ. ಒಗರು ಇಷ್ಟವಾಗದವರು ಇಲ್ಲಿಂದಲೇ ಶುರು ಮಾಡಬಹುದು.

ನಮ್ಮ ಮನೆಬಾಗಿಲಲ್ಲೇ ಇನ್ನೊಂದು ಪಾಠವಿದೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್, ನೀಲಕಂಠ ರಾವ್ ಜಗದಾಳೆ ಅವರ ಕಾಲದಲ್ಲಿ, 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಬಿಡುಗಡೆ ಮಾಡಿತು. ಮೈಸೂರು ರಸ್ತೆಯ ಕಂಬೀಪುರದ ಅದರ ಗೋದಾಮಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 10ರಿಂದ 12ರಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಶೇ. 2ರ ಸುಮಾರು. ಬಿಸಿಯಲ್ಲಿ ವಿಸ್ಕಿ ಹಲಗೆಯೊಳಕ್ಕೆ ಹೋಗಿಬರುವುದು ಹೆಚ್ಚು, ಆದ್ದರಿಂದ ಪೀಪಾಯಿಯ ಪ್ರಭಾವವೂ ಬೇಗ, ಗಾಢ. ಅಮೃತ್ ತನ್ನ ಪೀಟ್ ಹಾಕಿದ ಮಾಲ್ಟನ್ನು ಪೋರ್ಟ್ ಪೀಪಾಯಿಯಲ್ಲಿ ಮಾಗಿಸಿದ ಬಿಡಿ ಪೀಪಾಯಿಗಳನ್ನು ಹೊರತಂದದ್ದುಂಟು, ಆದರೆ ಅವು ಸಿಗುವುದು ಅಪರೂಪ. ಸುಲಭದ ದಾರಿಯೆಂದರೆ ಅಮೃತ್ ಪೀಟೆಡ್ ಮತ್ತು ಪೋರ್ಟೊನೋವಾ ಎರಡನ್ನೂ ಅಕ್ಕಪಕ್ಕ ಇಡುವುದು; ಮೊದಲನೆಯದು ಹೊಗೆಯನ್ನು, ಎರಡನೆಯದು ನಮ್ಮ ಹವೆಯಲ್ಲಿ ಪೋರ್ಟ್ ಪೀಪಾಯಿ ಮಾಡುವ ಕೆಲಸವನ್ನು ತೋರಿಸುತ್ತದೆ. ಪೋರ್ಟೊನೋವಾ ಶೇ. 62.1ರಷ್ಟು ಬಲವಾದದ್ದು. ಅದರ 15 ಎಂ.ಎಲ್. ಅನ್ನು ಶೇ. 45ಕ್ಕೆ ತರಲು ಸುಮಾರು 5.7 ಎಂ.ಎಲ್. ನೀರು ಬೇಕು; ಆದರೆ ಅಷ್ಟನ್ನೂ ಒಮ್ಮೆಗೇ ಹಾಕದೆ ಮೂರು ಕಂತಿನಲ್ಲಿ ಹಾಕಿ ಪ್ರತಿ ಸಲವೂ ಮೂಸಿ ನೋಡಿ. ಎರಡನ್ನೂ ಸವಿದಾದ ಮೇಲೆ ಉಳಿದ ಕೆಲವು ಹನಿಗಳನ್ನು ಮೂರನೆಯ ಗ್ಲಾಸಿನಲ್ಲಿ ಸೇರಿಸಿ ನೋಡುವುದು ನನಗೆ ಇಷ್ಟ. ಪೀಪಾಯಿಯಲ್ಲಿ ವರ್ಷಗಟ್ಟಲೆ ಒಟ್ಟಿಗೆ ಇದ್ದುಬಂದ ಹದ ಅದಕ್ಕೆ ಬರುವುದಿಲ್ಲ, ಹೊಗೆಯೂ ಹಣ್ಣೂ ಬೇರೆ ಬೇರೆಯೇ ನಿಲ್ಲುತ್ತವೆ. ಆದರೆ ‘ಕೂಡಿಕೊಳ್ಳುವುದು’ ಎಂದರೆ ಏನಲ್ಲ ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ.

ತೆರೆದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬೆಳಕು ಬೀಳದ ಕಪಾಟಿನಲ್ಲಿಡಿ. ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಉಳಿದಾಗ ಒಳಗಿನ ಗಾಳಿಯಿಂದ ಹೊಗೆ ಮಂದವಾಗತೊಡಗುವುದರಿಂದ ಸಣ್ಣ ಸೀಸೆಗೆ ಬಗ್ಗಿಸಿಕೊಳ್ಳುವುದು ಒಳ್ಳೆಯದು.

ಸವಿದು ಮುಗಿದ ರಾತ್ರಿ ಗ್ಲಾಸುಗಳನ್ನು ತೊಳೆಯಬೇಡಿ. ಯಾವುದು ಯಾವುದೆಂದು ಗುರುತು ಮಾಡಿ, ತಟ್ಟೆ ಮುಚ್ಚದೆ, ಹಾಗೆಯೇ ಬಿಟ್ಟು ಬೆಳಿಗ್ಗೆ ಕಾಫಿಗೆ ಮುನ್ನ ಮೂಸಿ ನೋಡಿ. ಅಷ್ಟರಲ್ಲಿ ಮದ್ಯಸಾರ ಪೂರ್ತಿ ಹಾರಿಹೋಗಿ, ಬೇಗ ಆವಿಯಾಗದ ಭಾರದ ವಸ್ತುಗಳು ಮಾತ್ರ ಗಾಜಿಗೆ ಅಂಟಿ ಉಳಿದಿರುತ್ತವೆ. ಟ್ಯಾಲಿಸ್ಕರ್ 10ರ ಗ್ಲಾಸಿನಲ್ಲಿ ನನಗೆ ಸಿಗುವುದು ರಾತ್ರಿಯೇ ಆರಿದ ಬಚ್ಚಲ ಒಲೆಯ ತಣ್ಣನೆಯ ಬೂದಿ. ಪೋರ್ಟ್ ರೀಯ ಗ್ಲಾಸಿನಲ್ಲೂ ಅದೇ ಬೂದಿ, ಆದರೆ ಅದರ ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಮರೆತುಬಿಟ್ಟ ಒಣದ್ರಾಕ್ಷಿಯ ವಾಸನೆ ಇರುತ್ತದೆ. ಗಾಜಿನ ತಳದಲ್ಲಿ ಒಣಗಿದ ಹನಿ ಬಿಟ್ಟ ಗುರುತನ್ನು ಬೆಳಕಿಗೆ ಹಿಡಿದರೆ ಅದು ತಿಳಿಯಾದ ಕಂದು ಬಣ್ಣದ ಒಂದು ಸಣ್ಣ ಉಂಗುರ.